ಸರ್ಕಾರಿ ದುಡ್ಡಿನ ಇಂಧನ ಸಂಶೋಧನೆಯಿಂದ ಪರಿಸರಕ್ಕೆ ಏನಾಯ್ತು ಅಂತ ಲೆಕ್ಕ ಹಾಕೋದು ಹೇಗೆ: ಅಸ್ತ್ರ ಒಲೆ ಇಟ್ಕೊಂಡು ಒಂದು ಗೈಡ್

ಲ್ಯಾಬಲ್ಲಿ ಈ ಒಲೆ ಇಷ್ಟು ಪರ್ಸೆಂಟ್ ಸೌದೆ ಉಳಿಸ್ತು, ಅಂಥ ಒಲೆ ಇಷ್ಟು ಲಕ್ಷ ಮನೆಗೆ ಹಾಕಿಸಿದ್ವಿ, ಎರಡನ್ನೂ ಗುಣಿಸಿ ನೋಡಿ, ಇಷ್ಟು ಲಕ್ಷ ಟನ್ ಸೌದೆ ಉಳೀತು ಇಷ್ಟು ಕಾಡು ಉಳೀತು. ಈ ಥರದ ಗುಣಾಕಾರ ನಾನು ಎಷ್ಟೋ ವರದಿಗಳಲ್ಲಿ ಓದಿದೀನಿ, ಓದಿದಾಗೆಲ್ಲ ಸಂಕಟ ಆಗುತ್ತೆ, ಯಾಕಂದ್ರೆ ಆ ಎರಡು ಸಂಖ್ಯೆಗಳ ಮಧ್ಯೆ ಒಂದು ಅಡುಗೆಮನೆ ಇದೆ, ವರದಿ ಬರೆದೋರು ಅದರ ಹೊಸ್ತಿಲು ದಾಟಿರೋದೇ ಇಲ್ಲ. ಜನರ ತೆರಿಗೆ ದುಡ್ಡಲ್ಲಿ ನಡೆದ ಸಂಶೋಧನೆ ಅಂದ್ಮೇಲೆ ಅದರಿಂದ ಮರಕ್ಕೆ, ಗಾಳಿಗೆ, ನೀರಿಗೆ ನಿಜವಾಗ್ಲೂ ಏನಾಯ್ತು ಅಂತ ಕೇಳೋ ಹಕ್ಕು ನಮಗಿದೆ. ಉತ್ತರ ಹುಡುಕೋಕೆ ದೊಡ್ಡ ವಿಜ್ಞಾನಿ ಆಗ್ಬೇಕಿಲ್ಲ, ಒಂದು ತಕ್ಕಡಿ, ಒಂದು ನೋಟ್‌ಬುಕ್, ಸ್ವಲ್ಪ ತಾಳ್ಮೆ ಇದ್ರೆ ಮುಕ್ಕಾಲು ಕೆಲಸ ಆಗುತ್ತೆ. ಕಾಲೇಜು ಪ್ರಾಜೆಕ್ಟ್ ಮಾಡೋರು, ಪಂಚಾಯ್ತಿ ಮೆಂಬರ್‌ಗಳು, ಪರಿಸರದ ಬಗ್ಗೆ ಬರೆಯೋರು ಯಾರು ಬೇಕಾದ್ರೂ ಮಾಡಬಹುದು.

ಉದಾಹರಣೆಗೆ ನಮ್ಮ ಕಡೆದೇ ಒಂದು ಸಂಶೋಧನೆ ತಗೋತೀನಿ, ಅಸ್ತ್ರ ಒಲೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದ್ರೆ ನಾವು ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೀತೀವಲ್ಲ ಅಲ್ಲಿ, ಪ್ರೊಫೆಸರ್ ಅಮೂಲ್ಯ ರೆಡ್ಡಿ ಮತ್ತೆ ಅವರ ಜೊತೆಗಾರರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನದ ಮೇಲೆ ಕೆಲಸ ಮಾಡೋಕೆ ಅಸ್ತ್ರ ಅಂತ ಒಂದು ವಿಭಾಗ ಶುರು ಮಾಡಿದ್ರು. ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಅದರ ಹಳ್ಳಿ ಕೇಂದ್ರ ಇತ್ತು. ಆ ವಿಭಾಗದವರು ಮಾಡಿದ್ದೇ ಅಸ್ತ್ರ ಒಲೆ. ಮೂರು ಪಾತ್ರೆ ಇಡೋ ಮಣ್ಣಿನ ಒಲೆ, ಉರಿ ಗೂಡು ಮುಚ್ಚಿರುತ್ತೆ, ಸೌದೆ ಕೆಳಗೆ ಜಾಲರಿ, ಹೊಗೆ ಹೋಗೋಕೆ ಚಿಮಣಿ. ಮಾಮೂಲಿ ಒಲೆಯಲ್ಲಿ ಸೌದೆಯ ಶಾಖದಲ್ಲಿ ಬಹುಪಾಲು ವ್ಯರ್ಥ ಹೋಗ್ತಿದ್ರೆ ಇದು ಲ್ಯಾಬಲ್ಲಿ 40 ಪರ್ಸೆಂಟ್ ಆಸುಪಾಸು ಪಾತ್ರೆಗೆ ತಲುಪಿಸ್ತು. ಆಮೇಲೆ ಇದು ಸರ್ಕಾರಿ ಕಾರ್ಯಕ್ರಮಗಳ ಮೂಲಕ ಹಳ್ಳಿ ಹಳ್ಳಿಗೆ ಹೋಯ್ತು. ಅದೇ ಕಾಲಕ್ಕೆ ಕೇಂದ್ರ ಸರ್ಕಾರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿ, ಸುಮಾರು ಮೂರೂವರೆ ಕೋಟಿ ಒಲೆ ಹಾಕಿಸಿ, 2002ರಲ್ಲಿ ಅದನ್ನ ನಿಲ್ಲಿಸಿತು.

ಮೊದಲು ಕಾಗದ ಪತ್ರ

ಅಡುಗೆಮನೆಗೆ ಹೋಗೋ ಮುಂಚೆ ಫೈಲ್ ಹುಡುಕಿ. ಯಾವ ಇಲಾಖೆ ಎಷ್ಟು ದುಡ್ಡು ಕೊಡ್ತು, ಯಾವ ವರ್ಷದಿಂದ ಯಾವ ವರ್ಷಕ್ಕೆ, ಏನು ಸಾಧಿಸ್ತೀವಿ ಅಂತ ಬರ್ಕೊಟ್ಟಿದ್ರು, ಇಷ್ಟು ಗೊತ್ತಾಗ್ಬೇಕು. ಇಲ್ಲಿ ಒಂದು ತೊಡಕಿದೆ, ಇಲಾಖೆಗಳ ಹೆಸರು ಬದಲಾಗ್ತಾ ಬಂದಿರುತ್ತೆ. ಈಗಿನ ನವೀನ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯ 1982ರಲ್ಲಿ ಅಸಾಂಪ್ರದಾಯಿಕ ಇಂಧನ ಮೂಲಗಳ ಇಲಾಖೆ ಆಗಿತ್ತು, 1992ರಲ್ಲಿ ಸಚಿವಾಲಯ ಆಯ್ತು, ಈಗಿನ ಹೆಸರು ಬಂದಿದ್ದು 2006ರಲ್ಲಿ. ಅಸ್ತ್ರ ವಿಭಾಗವೂ ಈಗ ಸುಸ್ಥಿರ ತಂತ್ರಜ್ಞಾನ ಕೇಂದ್ರ ಆಗಿದೆ. ಹೊಸ ಹೆಸರಲ್ಲಿ ಹುಡುಕಿದ್ರೆ ಹಳೇ ಕಾಗದ ಸಿಗಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಹಳೇ ವಾರ್ಷಿಕ ವರದಿಗಳು, ಸಿಎಜಿ ವರದಿಗಳು, ಇವನ್ನ ನೋಡಿ. ಸಿಗದೇ ಇದ್ದದ್ದಕ್ಕೆ 10 ರೂಪಾಯಿ ಶುಲ್ಕ ಕಟ್ಟಿ ಆರ್‌ಟಿಐ ಹಾಕಿ, 30 ದಿನದಲ್ಲಿ ಉತ್ತರ ಕೊಡ್ಬೇಕು. ಅರ್ಜಿಯಲ್ಲಿ ಪರಿಸರಕ್ಕೆ ಏನು ಲಾಭ ಆಯ್ತು ಅಂತ ಅಭಿಪ್ರಾಯ ಕೇಳ್ಬೇಡಿ, ಅದಕ್ಕೆ ಉತ್ತರ ಬರಲ್ಲ. ಇಂಥ ಯೋಜನೆಯ ಅಂತಿಮ ವರದಿ, ಹಣ ಬಳಕೆ ಪ್ರಮಾಣಪತ್ರ, ಫಲಾನುಭವಿಗಳ ಊರುವಾರು ಪಟ್ಟಿ, ಇವುಗಳ ನಕಲು ಕೊಡಿ ಅಂತ ಕೇಳಿ. ಆ ಊರುವಾರು ಪಟ್ಟಿ ಇದ್ಯಲ್ಲ, ಅದೇ ಮುಂದಿನ ಕೆಲಸಕ್ಕೆ ಆಧಾರ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸ್ಕೊಳ್ಳಿ. 2006ರ ಅಧಿಸೂಚನೆ ಪ್ರಕಾರ ನಡೆಯೋ ಪರಿಸರ ಪರಿಣಾಮ ಅಧ್ಯಯನ ಅಂದ್ರೆ ಅಣೆಕಟ್ಟು, ಗಣಿ, ವಿದ್ಯುತ್ ಸ್ಥಾವರ ಕಟ್ಟೋ ಮುಂಚೆ ಅನುಮತಿಗೋಸ್ಕರ ಮಾಡೋದು, ಜಾಗ ಒಂದು, ಯೋಜನೆ ಒಂದು. ಸಂಶೋಧನೆ ಪರಿಣಾಮ ಹಂಗಲ್ಲ, ಬೆಂಗಳೂರಲ್ಲಿ ನಡೆದ ಕೆಲಸದ ಫಲ ಹತ್ತು ವರ್ಷ ಬಿಟ್ಟು ಸಿರಾ ಹತ್ರ ಯಾವುದೋ ಹಳ್ಳೀಲಿ ಕಾಣಿಸ್ಕೊಳ್ಳಬಹುದು. ಲ್ಯಾಬು ಸ್ವತಃ ಉರಿಸಿದ ಕರೆಂಟು, ಸೌದೆ ಎಲ್ಲ ಲೆಕ್ಕಕ್ಕೆ ಬರುತ್ತೆ ನಿಜ, ಆದ್ರೆ ಒಲೆಯಂಥ ಸಂಶೋಧನೇಲಿ ಅದು ತೀರಾ ಚಿಕ್ಕದು, ಒಂದು ಸಾಲು ಬರೆದು ಮುಂದೆ ಹೋಗಿ.

ಇದು ಇಲ್ಲದೇ ಇದ್ದಿದ್ರೆ ಏನಾಗ್ತಿತ್ತು

ಇಡೀ ಲೆಕ್ಕದ ಬೇರು ಈ ಪ್ರಶ್ನೆ. ಸಂಶೋಧನೆಗೆ ಮುಂಚೆ ಏನಿತ್ತು, ಆಮೇಲೆ ಏನಾಯ್ತು ಅಂತ ಎರಡೇ ನೋಡಿದ್ರೆ ಸಾಲಲ್ಲ, ಸಂಶೋಧನೆ ನಡೀದೇ ಇದ್ರೂ ಏನೇನು ತಾನಾಗೇ ಬದಲಾಗ್ತಿತ್ತು ಅಂತಾನೂ ನೋಡ್ಬೇಕು. 2016ರಲ್ಲಿ ಉಜ್ವಲ ಬಂದು ಮನೆಮನೆಗೆ ಗ್ಯಾಸ್ ಬಂತಲ್ಲ, ಅದಾದ್ಮೇಲೂ ಒಲೆ ಹಾಕಿಸಿದ ದಿನದ ಸೌದೆ ಲೆಕ್ಕಾನೇ ಎಳ್ಕೊಂಡು ಬಂದ್ರೆ ಅದು ಸುಳ್ಳು ಲೆಕ್ಕ. ಗ್ಯಾಸ್ ಬಂದ ವರ್ಷದಿಂದ ಒಲೆಯ ಪಾಲು ಕಮ್ಮಿ ಮಾಡ್ತಾ ಬನ್ನಿ. ಪೂರ್ತಿ ಸೊನ್ನೆ ಮಾಡೋದೂ ತಪ್ಪು, ಯಾಕಂದ್ರೆ ಸಿಲಿಂಡರ್ ಇದ್ರೂ ಸ್ನಾನದ ನೀರಿಗೆ, ಮುದ್ದೆಗೆ ಸೌದೆ ಉರಿಸೋ ಮನೆ ಬೇಕಾದಷ್ಟಿವೆ.

ಅಮೆರಿಕದ ಇಂಧನ ಇಲಾಖೆ 1978ರಿಂದ 2000ದವರೆಗೆ ಮಾಡಿಸಿದ ಸಂಶೋಧನೆಯನ್ನ ಅಲ್ಲಿನ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2001ರಲ್ಲಿ ಅಳೆದಾಗ ಒಂದು ಸರಳ ನಿಯಮ ಇಟ್ಕೊಂಡ್ರು, ಸರ್ಕಾರ ದುಡ್ಡು ಹಾಕದೇ ಇದ್ದಿದ್ರೂ ಆ ತಂತ್ರಜ್ಞಾನ ಐದು ವರ್ಷ ತಡವಾಗಿ ಮಾರ್ಕೆಟ್‌ಗೆ ಬರ್ತಿತ್ತು ಅಂತ. ಅಂದ್ರೆ ಸರ್ಕಾರದ ಲೆಕ್ಕಕ್ಕೆ ಐದು ವರ್ಷದ ಲಾಭ ಮಾತ್ರ. ಒಲೆಗೆ ಇದು ಹಂಗೇ ಹೊಂದಲ್ಲ, ಬಡವರ ಮಣ್ಣಿನ ಒಲೆ ಮೇಲೆ ಯಾವ ಕಂಪನಿ ದುಡ್ಡು ಹಾಕ್ತಿತ್ತು ಹೇಳಿ. ಆದ್ರೆ ಒಂದು ನಿಯಮ ಇಟ್ಕೊಂಡು ಅದನ್ನ ವರದಿಯ ಮೊದಲ ಪುಟದಲ್ಲೇ ಬರೆಯೋ ಅಭ್ಯಾಸ ಅವರಿಂದ ಕಲೀಬೇಕು.

ಅದೇ ವರದಿಯಿಂದ ಕಲಿಯೋದು ಇನ್ನೊಂದಿದೆ, ಲಾಭವನ್ನ ಮೂರು ಬುಟ್ಟಿಗೆ ಹಾಕೋದು. ಆಗಲೇ ಕೈಗೆ ಸಿಕ್ಕಿದ್ದು ಒಂದು, ಈಗ ಬಳಕೇಲಿಲ್ಲ ಆದ್ರೆ ಪರಿಸ್ಥಿತಿ ಬದಲಾದ್ರೆ ತಗೊಂಡು ಬಳಸಬಹುದಾದದ್ದು ಇನ್ನೊಂದು, ಬರೀ ತಿಳುವಳಿಕೆಯಾಗಿ ಉಳಿದದ್ದು ಮೂರನೇದು. ನಮ್ಮ ಉದಾಹರಣೇಲಿ ಒಲೆ ಮೊದಲನೇ ಬುಟ್ಟಿ. ಕುಣಿಗಲ್ ತಾಲೂಕಿನ ಹೊಸಹಳ್ಳೀಲಿ 1980ರ ದಶಕದ ಕೊನೇಲಿ ಸೌದೆಯಿಂದ ಗ್ಯಾಸ್ ಮಾಡಿ ಕರೆಂಟ್ ಕೊಟ್ಟ ಗ್ಯಾಸಿಫೈಯರ್ ಎರಡನೇ ಬುಟ್ಟಿಗೆ ಹೋಗುತ್ತೆ. ಮೂರನೇ ಬುಟ್ಟಿಗೆ ಏನು ಅಂತ ಈಗ ಹೇಳ್ತೀನಿ, ನನ್ನ ಪ್ರಕಾರ ಇಡೀ ಸಂಶೋಧನೇಲಿ ಅತಿ ಬೆಲೆಬಾಳೋದು ಅದೇ.

ಉಳಿದ ಸೌದೆ ಅಂದ್ರೆ ಉಳಿದ ಮರ ಅಂತಲ್ಲ

1970ರ ದಶಕದಲ್ಲಿ ಅಸ್ತ್ರದವರು ಉಂಗ್ರ ಸುತ್ತಮುತ್ತ ಆರು ಹಳ್ಳಿ ಸರ್ವೆ ಮಾಡಿದ್ರು, ಮೂರನೇ ಬುಟ್ಟಿಗೆ ಹೋಗೋದು ಆ ಸರ್ವೆಯಿಂದ ಬಂದ ತಿಳುವಳಿಕೆ. ಅದ್ರಲ್ಲಿ ಪುರ ಅನ್ನೋ ಹಳ್ಳಿ, ಆಗ ಅಲ್ಲಿ 56 ಮನೆ, 357 ಜನ. ಆ ಊರಿನ ಒಟ್ಟು ಇಂಧನದಲ್ಲಿ ಹತ್ತತ್ರ 90 ಪರ್ಸೆಂಟ್ ಸೌದೆ. ಒಂದು ಮನೆಗೆ ದಿನಕ್ಕೆ ಸುಮಾರು 10 ಕೆಜಿ ಸೌದೆ ತರೋಕೆ ಸರಾಸರಿ 2.6 ಗಂಟೆ, 4.8 ಕಿಲೋಮೀಟರ್ ನಡಿಗೆ. ಅದ್ರಲ್ಲಿ ಬಹುಪಾಲು ದುಡ್ಡು ಕೊಟ್ಟು ತಂದದ್ದಲ್ಲ, ಬೇಲಿ ಸಾಲಲ್ಲಿ ತೋಟದಲ್ಲಿ ಆಯ್ದ ಪುಳ್ಳೆ, ಒಣ ರೆಂಬೆ, ಗರಿ, ಮಟ್ಟೆ.

ಈಗ ಯೋಚನೆ ಮಾಡಿ, ಬಿದ್ದ ಪುಳ್ಳೆ ಆಯ್ದು ಅಡುಗೆ ಮಾಡೋ ಮನೇಲಿ ಒಲೆ ಮೂರು ಕೆಜಿ ಉಳಿಸಿದ್ರೆ ಯಾವ ಮರ ಉಳೀತು? ಯಾವುದೂ ಇಲ್ಲ. ಆ ತಾಯಿಗೆ ಅಷ್ಟು ನಡಿಗೆ ಉಳೀತು, ಅದು ದೊಡ್ಡ ಲಾಭಾನೇ, ಆದ್ರೆ ಅದನ್ನ ಕಾಡಿನ ಖಾತೆಗೆ ಬರೀಬೇಡಿ, ಅವಳ ಖಾತೆಗೇ ಬರೀರಿ. ಮರ ಕಡಿಸೋ ಸೌದೆ ಬೇರೆ, ಪಟ್ಟಣದ ಡಿಪೋಗೆ ಲಾರೀಲಿ ಬರೋದು, ಇಟ್ಟಿಗೆ ಗೂಡಿಗೆ, ಬೇಕರಿಗೆ ಹೋಗೋದು. ಹಂಗಾಗಿ ಪ್ರತಿ ಮನೇಲೂ ಸೌದೆ ಎಲ್ಲಿಂದ ಬಂತು ಅಂತ ಮೊದಲು ಕೇಳಿ, ರಾಶಿ ಹತ್ರ ಹೋಗಿ ನೋಡಿ, ಕೊಡಲಿ ಏಟು ಬಿದ್ದ ದಪ್ಪ ತುಂಡು ಎಷ್ಟು, ಹೆಬ್ಬೆರಳು ದಪ್ಪದ ಪುಳ್ಳೆ ಎಷ್ಟು. ಇಂಗಾಲದ ಲೆಕ್ಕದಲ್ಲಿ ಮತ್ತೆ ಬೆಳೆಯದೇ ಇರೋ ಸೌದೆಯ ಪಾಲು ಅಂತ ಒಂದು ಅಂಶ ಬರುತ್ತಲ್ಲ ಅದಕ್ಕೆ ಆಧಾರ ಇದೇ.

ಒಂದು ಲೆಕ್ಕ ಹಾಕಿ ತೋರಿಸ್ತೀನಿ. ದಿನಕ್ಕೆ 10 ಕೆಜಿ ಉರಿಸೋ ಮನೇಲಿ ಒಲೆ 30 ಪರ್ಸೆಂಟ್ ಉಳಿಸ್ತು ಅಂದ್ಕೊಳ್ಳಿ, ವರ್ಷಕ್ಕೆ ಸುಮಾರು 1,095 ಕೆಜಿ. ಹವಾಮಾನ ಬದಲಾವಣೆ ಬಗ್ಗೆ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿ ಕೊಟ್ಟಿರೋ ಸಾಮಾನ್ಯ ಅಂಕಿ ಪ್ರಕಾರ ಒಂದು ಕೆಜಿ ಒಣ ಸೌದೆ ಉರಿದ್ರೆ ಸುಮಾರು 1.75 ಕೆಜಿ ಕಾರ್ಬನ್ ಡೈಆಕ್ಸೈಡ್, ಅಲ್ಲಿಗೆ 1.9 ಟನ್. ಸೌದೇಲಿ 90 ಪರ್ಸೆಂಟ್ ಮರ ಕಡಿದು ತಂದದ್ದು, ಅದು ಮತ್ತೆ ಬೆಳೆಯಲ್ಲ ಅಂದ್ಕೊಂಡ್ರೆ 1.7 ಟನ್ ಉಳಿತಾಯ. ಹಂಗೆ ಕಡಿದು ತಂದ ಪಾಲು 30 ಪರ್ಸೆಂಟ್ ಮಾತ್ರ ಅಂದ್ರೆ 0.57 ಟನ್‌ಗೆ ಇಳೀತು. ಹಾಕಿಸಿದ ಒಲೆಗಳಲ್ಲಿ ಅರ್ಧ ಮಾತ್ರ ಉರೀತಿವೆ ಅಂತ ಗೊತ್ತಾದ್ರೆ ಸರಾಸರಿ ಮನೆಗೆ 0.29 ಟನ್. ಒಲೆ ಅದೇ, ಲ್ಯಾಬ್ ರಿಪೋರ್ಟ್ ಅದೇ, ಉತ್ತರ ಮಾತ್ರ ಆರನೇ ಒಂದು ಭಾಗ. ಇದರ ಜೊತೆ ಮೀಥೇನ್ ಬೇರೆ ಇದೆ, ಪುಳ್ಳೆ ಆದ್ರೂ ಸರಿ ಕಡಿದ ಮರ ಆದ್ರೂ ಸರಿ, ಸರಿಯಾಗಿ ಉರೀದೇ ಹೋದ್ರೆ ಮೀಥೇನ್ ಹೊರಗೆ ಬರುತ್ತೆ, ಅದನ್ನ ಆ ಪಾಲಿನಿಂದ ಗುಣಿಸೋ ಹಾಗಿಲ್ಲ, ಬೇರೆಯಾಗೇ ಕೂಡಿಸ್ಬೇಕು.

ತೂಕ ಹಾಕೋ ಕೆಲಸ

ಇದು ನಂಗೆ ತುಂಬಾ ಇಷ್ಟವಾದ ಭಾಗ. ಒಲೆ ಅಳೆಯೋಕೆ ಮೂರು ಥರದ ಪರೀಕ್ಷೆ ಇವೆ. ನೀರು ಕುದಿಸಿ ನೋಡೋದು, ಒಂದೇ ಅಡುಗೆಯನ್ನ ಒಂದೇ ಥರ ಮಾಡಿ ನೋಡೋದು, ಮತ್ತೆ ಮನೆಯವರು ದಿನಾ ಮಾಡೋ ಹಂಗೇ ಮಾಡೋಕೆ ಬಿಟ್ಟು ಸೌದೆ ತೂಕ ಹಾಕೋದು. ಮೊದಲನೇದು ವಿನ್ಯಾಸ ಮಾಡೋರಿಗೆ ಬೇಕು. ಪರಿಸರದ ಲೆಕ್ಕಕ್ಕೆ ಬೇಕಾಗಿರೋದು ಮೂರನೇದು.

ಮಾಡೋ ರೀತಿ ಹೀಗೆ. ಬೆಳಿಗ್ಗೆ ಬೇಗ ಹೋಗಿ, ಮನೆಯವರು ಎರಡು ದಿನಕ್ಕೆ ಸಾಕಾಗುತ್ತೆ ಅನ್ನೋವಷ್ಟು ಸೌದೆ ಬೇರೆ ರಾಶಿ ಹಾಕಿಸಿ, ನೇತುಹಾಕೋ ಸ್ಪ್ರಿಂಗ್ ತಕ್ಕಡೀಲಿ ತೂಗಿ ಬರ್ಕೊಳ್ಳಿ. ಅಕ್ಕ, ಇವತ್ತು ಈ ರಾಶಿಯಿಂದ ಮಾತ್ರ ತಗೊಳ್ಳಿ, ಅಡುಗೆ ಎಂದಿನಂತೆ ಮಾಡಿ, ನಮಗೋಸ್ಕರ ಏನೂ ಬದಲಾಯಿಸ್ಬೇಡಿ ಅಂತ ಹೇಳಿ. ಮಾರನೇ ದಿನ ಅದೇ ಹೊತ್ತಿಗೆ ಹೋಗಿ ಉಳಿದದ್ದು ತೂಗಿ, ಮತ್ತೆ ರಾಶಿ ತುಂಬಿಸಿ. ಕಮ್ಮಿ ಅಂದ್ರೆ ಮೂರು ನಾಲ್ಕು ದಿನ ಮಾಡ್ಬೇಕು. ಹಬ್ಬ, ತಿಥಿ, ನೆಂಟರು ಬಂದ ದಿನ ಬೇಡ. ದಿನಾ ಎಷ್ಟು ಜನ ಉಂಡ್ರು ಬರ್ಕೊಳ್ಳಿ, ಮನೆಯಿಂದ ಮನೆಗೆ ಹೋಲಿಸೋಕೆ ಒಂದು ಪದ್ಧತಿ ಇದೆ, 15ರಿಂದ 59 ವರ್ಷದ ಗಂಡಸು 1, ಹೆಂಗಸರು 0.8, ಅರವತ್ತು ದಾಟಿದ ಗಂಡಸು 0.8, 14ರ ಒಳಗಿನ ಮಕ್ಕಳು 0.5 ಅಂತ ಲೆಕ್ಕ. ಸೌದೆ ಹಸಿನೋ ಒಣಗಿದ್ದೋ ನೋಡಿ, ತೇವ ಅಳೆಯೋ ಮೀಟರ್ ಸಿಕ್ಕಿದ್ರೆ ಒಳ್ಳೇದು, ಇಲ್ಲಾಂದ್ರೆ ಒಂದೆರಡು ತುಂಡು ತಂದು ತೂಗಿ, ಪೂರ್ತಿ ಒಣಗಿಸಿ ಮತ್ತೆ ತೂಗಿ. ಬೇಸಿಗೇಲಿ ಒಂದು ಸಲ, ಮಳೆಗಾಲದಲ್ಲಿ ಒಂದು ಸಲ ಮಾಡದೇ ಹೋದ್ರೆ, ಅದ್ರಲ್ಲೂ ಮಲೆನಾಡಲ್ಲಿ, ನಿಮ್ಮ ಅಂಕಿ ಅರ್ಧ ವರ್ಷದ್ದು ಮಾತ್ರ.

ಹೊಸ ಒಲೆ ಇರೋ ಮನೆ ಎಷ್ಟು ತಗೋತೀರೋ ಅದೇ ಊರಲ್ಲಿ ಹಳೇ ಒಲೆ ಮನೆಗಳನ್ನೂ ಅಷ್ಟೇ ತಗೊಳ್ಳಿ. ಜಮೀನು, ಜನ, ದನ ಹೆಚ್ಚುಕಮ್ಮಿ ಒಂದೇ ಥರ ಇರ್ಲಿ. ಮನೆಗಳನ್ನ ಪಟ್ಟಿಯಿಂದ ಚೀಟಿ ಎತ್ತಿ ಆರಿಸಿ, ಕಾರ್ಯಕ್ರಮ ನಡೆಸಿದವರು ತೋರಿಸೋ ಮನೆಗಳಿಗೆ ಮಾತ್ರ ಹೋದ್ರೆ ಚೆನ್ನಾಗಿರೋ ಒಲೆಗಳೇ ಕಾಣೋದು.

ಬಚ್ಚಲು ಮರೀಬೇಡಿ! ನಾವು ಒಂದು ಊರಲ್ಲಿ ಎರಡು ದಿನ ಅಡುಗೆಮನೆ ಸೌದೆ ತೂಗಿ ಖುಷಿಯಾಗಿ ಕೂತಿದ್ವಿ, ಎಷ್ಟು ಕಮ್ಮಿ ಬಂದಿದೆ ನೋಡು ಅಂತ, ಆಮೇಲೆ ಆ ಮನೆ ಅಜ್ಜಿ ಹಿತ್ತಲಿಗೆ ಕರ್ಕೊಂಡು ಹೋಗಿ ಹಂಡೆ ಒಲೆ ತೋರಿಸಿದ್ರು, ಅಲ್ಲಿ ದಿನಾ ಅಡುಗೆಗಿಂತ ಹೆಚ್ಚು ಸೌದೆ ಉರೀತಿತ್ತು. ಮಲೆನಾಡಾದ್ರೆ ಅಡಿಕೆ ಬೇಯಿಸೋ ಒಲೆ, ಮಂಡ್ಯ ಕಡೆ ಆದ್ರೆ ಆಲೆಮನೆ. ಮನೆಯ ಎಲ್ಲ ಒಲೆಗಳನ್ನೂ ಎಣಿಸಿ ಆಮೇಲೇ ಉಳಿತಾಯದ ಮಾತಾಡಿ.

ಕೇಳೋ ರೀತೀನೂ ಮುಖ್ಯ. ಹೊಸ ಒಲೆ ಬಳಸ್ತೀರಾ ಅಂತ ಕೇಳಿದ್ರೆ ಮನೆಗೆ ಬಂದವರ ಮನಸ್ಸು ನೋಯಿಸ್ಬಾರ್ದು ಅಂತ ಹೂಂ ಅಂತಾರೆ. ನೆನ್ನೆ ರಾತ್ರಿ ಏನಡುಗೆ ಅಕ್ಕ, ಮುದ್ದೆ ಯಾವ ಒಲೇಲಿ ತೊಳಸಿದ್ರಿ, ಸಾರು ಯಾವುದ್ರಲ್ಲಿ ಅಂತ ಕೇಳಿ. ಬೂದಿ ಬಿಸಿ ಇದೆಯಾ, ಚಿಮಣಿ ಸಂದೀಲಿ ಜೇಡರ ಬಲೆ ಇದೆಯಾ, ಒಲೆ ಮೇಲೆ ಡಬ್ಬ ಜೋಡಿಸಿದಾರಾ ನೋಡಿ. ಹೊಗೆ ಇಲ್ಲದ ಒಲೆ ಅಂತ ಹಾಕಿಸ್ಕೊಂಡ ಮನೆಯೊಂದ್ರಲ್ಲಿ ಒಲೆ ಬಾಯನ್ನ ಒಡೆದು ದೊಡ್ಡದು ಮಾಡ್ಕೊಂಡಿದ್ರು. ಯಾಕಮ್ಮ ಅಂದ್ರೆ, ಸೌದೆ ಸಣ್ಣಗೆ ಸೀಳೋರು ಯಾರಪ್ಪ, ಗದ್ದೆ ಕೆಲಸ ಮುಗಿಸಿ ಬಂದು ಕೊಡಲಿ ಹಿಡೀಲಾ ಅಂದ್ರು ಆ ಅಮ್ಮ. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಮುಚ್ಚಿದ ಒಲೆಗೆ ಸಣ್ಣ ಸೀಳು ಬೇಕು, ಚಿಮಣಿ ಮಸಿ ಆಗಾಗ ತೆಗೀಬೇಕು, ಉರಿ ಗೂಡಿನ ಅಳತೆ ಬೆರಳು ಎರಡು ಬೆರಳು ಹೆಚ್ಚುಕಮ್ಮಿ ಆದ್ರೂ ದಕ್ಷತೆ ಹೋಯ್ತು. ಇವೆಲ್ಲ ಬರ್ಕೊಳ್ಳಿ, ಉಳಿತಾಯ ಯಾಕೆ ಕಮ್ಮಿ ಬಂತು ಅನ್ನೋದಕ್ಕೆ ಕಾರಣ ಇದರಲ್ಲೇ ಸಿಗೋದು.

ಹಾಕಿಸಿದ ವರ್ಷಾನೇ ಅಳೆದು ಮುಗಿಸ್ಬೇಡಿ. ಒಡಿಶಾದಲ್ಲಿ ಅರ್ಥಶಾಸ್ತ್ರಜ್ಞರಾದ ರೆಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ಸೇರಿ ಸುಧಾರಿತ ಒಲೆ ಕೊಟ್ಟ ಮನೆಗಳನ್ನ ನಾಲ್ಕು ವರ್ಷದವರೆಗೂ ಹಿಂಬಾಲಿಸಿದ್ರು. ಮೊದಲನೇ ವರ್ಷ ಅಡುಗೆ ಮಾಡೋರು ಕುಡಿಯೋ ಹೊಗೆ ಕಮ್ಮಿ ಆಯ್ತು, ಆಮೇಲೆ ಆ ವ್ಯತ್ಯಾಸ ಕರಗಿ ಹೋಯ್ತು, ಆರೋಗ್ಯದಲ್ಲೂ ಹಸಿರುಮನೆ ಅನಿಲದಲ್ಲೂ ಬದಲಾವಣೆ ಕಾಣಲಿಲ್ಲ. ಜನ ಒಲೆ ರಿಪೇರಿ ಮಾಡ್ಕೊಂಡಿಲ್ಲ, ಬಳಸೋದೂ ಕಮ್ಮಿ ಮಾಡಿದ್ರು. ಮೊದಲ ವರ್ಷ ಅಷ್ಟೇ ಅಳೆದಿದ್ರೆ ಅದೊಂದು ಗೆದ್ದ ಯೋಜನೆ ಆಗ್ತಿತ್ತು.

ಹೊಗೆ, ನೀರು, ನೆಲ

ಸೌದೆ ಕಮ್ಮಿ ಆದ್ರೆ ಹೊಗೆ ಕಮ್ಮಿ ಅಂತ ತಿಳ್ಕೊಳ್ಳೋದು ಸಹಜ, ಆದ್ರೆ ಎರಡೂ ಬೇರೆ ಬೇರೆ. ಶಾಖ ಪಾತ್ರೆಗೆ ಚೆನ್ನಾಗಿ ತಲುಪೋದು ಒಂದು, ಸೌದೆ ಪೂರ್ತಿ ಉರಿಯೋದು ಇನ್ನೊಂದು. ಗೂಡು ಮುಚ್ಚಿ ಗಾಳಿ ಕಮ್ಮಿ ಮಾಡಿದ್ರೆ ಮೊದಲನೇದು ಏರಿ ಎರಡನೇದು ಇಳಿಯಬಹುದು. ಭಾರತದ ಹಳ್ಳಿ ಅಡುಗೆಮನೆಗಳ ಹೊಗೆ ಮೇಲೆ ದಶಕಗಟ್ಟಲೆ ಕೆಲಸ ಮಾಡಿದ ಕರ್ಕ್ ಸ್ಮಿತ್ ಇದನ್ನ ಮತ್ತೆ ಮತ್ತೆ ಎತ್ತಿ ತೋರಿಸಿದ್ರು. ಅದಕ್ಕೇ ಹೊಗೇನ ಬೇರೆ ಅಳೀರಿ. ಪಿಎಂ 2.5, ಅಂದ್ರೆ ಹೊಗೆಯ ಅತಿ ಸಣ್ಣ ಕಣ ಅಳೆಯೋ ಮೀಟರನ್ನ ಒಲೆಯಿಂದ ಒಂದು ಮೀಟರ್ ದೂರ, ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರ, ಬಾಗಿಲು ಕಿಟಕಿಯಿಂದ ಒಂದೂವರೆ ಮೀಟರ್ ದೂರ ಇಟ್ಟು 24 ಗಂಟೆ ಬಿಡಿ. ಕಮ್ಮಿ ಬೆಲೆ ಮೀಟರ್‌ಗಳು ಮಳೆಗಾಲದ ತೇವದಲ್ಲಿ ಹೆಚ್ಚು ತೋರಿಸ್ತವೆ, ಜೋಪಾನ. ನಮ್ಮ ದೇಶದ ಹೊರಗಾಳಿ ಮಾನದಂಡ 24 ಗಂಟೆ ಸರಾಸರಿಗೆ ಒಂದು ಘನ ಮೀಟರ್ ಗಾಳೀಲಿ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15, ಇವೆರಡರ ಪಕ್ಕ ನಿಮ್ಮ ಅಂಕಿ ಇಟ್ಟು ನೋಡಿ. ಚಿಮಣಿ ಇದ್ರೆ ಹೊರಗೂ ಒಂದು ಮೀಟರ್ ಇಡಿ, ಒಳಗಿನ ಹೊಗೆ ಬೀದಿಗೆ, ಪಕ್ಕದ ಮನೆಗೆ ಹೋಗಿದ್ರೆ ಅದು ಮಾಯ ಆದಂಗಲ್ಲ.

ಒಲೆ ಬಿಟ್ಟು ಗ್ಯಾಸಿಫೈಯರ್, ಗೋಬರ್ ಗ್ಯಾಸ್ ಥರದ್ದು ಅಳೆಯೋದಾದ್ರೆ ನೀರು ಮತ್ತೆ ನೆಲ ನೋಡ್ಲೇಬೇಕು. ಗ್ಯಾಸಿಫೈಯರ್ ಗ್ಯಾಸನ್ನ ತೊಳೆದ ನೀರಲ್ಲಿ ಟಾರು, ಫಿನಾಲು ಇರುತ್ತೆ, ಅದು ಯಾವ ಗುಂಡಿಗೆ ಹೋಗ್ತಿದೆ, ಹತ್ರ ಬಾವಿ ಇದೆಯಾ? ಸೌದೆಗೆ ನೆಡುತೋಪು ಹಾಕಿದ್ರೆ ಆ ಜಾಗದಲ್ಲಿ ಮುಂಚೆ ಏನಿತ್ತು, ಊರಿನ ಗೋಮಾಳ ಆಗಿದ್ರೆ ದನ ಕುರಿ ಈಗ ಎಲ್ಲಿ ಮೇಯ್ತಿವೆ? ಪುರದಲ್ಲಿ ಸಮುದಾಯ ಗೋಬರ್ ಗ್ಯಾಸ್ ಮೊದಲು ಅಡುಗೆಗೆ ಅಂತ ಮಾಡಿದ್ರು, ಊರಿನ ಸಗಣಿ ಅದಕ್ಕೆ ಸಾಕಾಗಲಿಲ್ಲ, 1987ರ ಹೊತ್ತಿಗೆ ಅದೇ ಗ್ಯಾಸಲ್ಲಿ ಎಂಜಿನ್ ಓಡಿಸಿ ಮನೆಗಳಿಗೆ ದೀಪ, ಬೋರ್‌ವೆಲ್ ನೀರು ಕೊಟ್ರು, ಸಗಣಿ ಕೊಟ್ಟವರಿಗೆ ಬಗ್ಗಡ ವಾಪಸ್ ಗೊಬ್ಬರಕ್ಕೆ ಹೋಯ್ತು. ಅಡುಗೆ ಸೌದೆ ಉಳಿಸೋ ಗುರಿ ಇಟ್ಟು ನೋಡಿದ್ರೆ ಸೊನ್ನೆ, ಊರಿನ ನೀರು ಬೆಳಕು ನೋಡಿದ್ರೆ ಬೇರೆ ಕಥೆ. ಮೊದಲು ಬರೆದ ಗುರಿ ಒಂದನ್ನೇ ಹಿಡ್ಕೊಂಡು ಅಳೀಬೇಡಿ ಅನ್ನೋದು ಅದಕ್ಕೇ.

ಸೋತ ಯೋಜನೆಗಳನ್ನ ಲೆಕ್ಕದಿಂದ ಬಿಡ್ಬೇಡಿ, ಹಂಗಂತ ಒಂದೊಂದು ಸೋಲನ್ನೂ ದುಂದು ಅಂತಾನೂ ಬರೀಬೇಡಿ. ಆ 2001ರ ಅಮೆರಿಕದ ಲೆಕ್ಕದಲ್ಲಿ ಇಂಧನ ಉಳಿತಾಯದ ಕಾರ್ಯಕ್ರಮಗಳಿಂದ ಬಂದ ಸುಮಾರು 30 ಬಿಲಿಯನ್ ಡಾಲರ್ ಲಾಭದಲ್ಲಿ ಬಹುಪಾಲು ಬಂದಿದ್ದು ಮೂರೇ ಮೂರರಿಂದ, ಫ್ರಿಜ್ ಕಂಪ್ರೆಸರ್, ಟ್ಯೂಬ್‌ಲೈಟಿನ ಎಲೆಕ್ಟ್ರಾನಿಕ್ ಚೋಕು, ಶಾಖ ತಡೆಯೋ ಕಿಟಕಿ ಗಾಜು. ಯಾವುದು ಗೆಲ್ಲುತ್ತೆ ಅಂತ ಮೊದಲೇ ಗೊತ್ತಿದ್ರೆ ಅದನ್ನ ಸಂಶೋಧನೆ ಅಂತ ಯಾಕೆ ಕರೀಬೇಕಿತ್ತು.

ವರದಿ ಬರೆಯೋವಾಗ ಒಂದೇ ಅಂಕಿ ಕೊಡ್ಬೇಡಿ, 0.3ರಿಂದ 1.7 ಟನ್ ಅಂತ ಹರವು ಕೊಡಿ, ಯಾವ ಊಹೆ ಬದಲಾದ್ರೆ ಯಾವ ಕಡೆ ಜಾರುತ್ತೆ ಅಂತ ಪಕ್ಕದಲ್ಲೇ ಬರೀರಿ. ತೂಕದ ಹಾಳೆಗಳ ನಕಲು ಕೊನೇಲಿ ಸೇರಿಸಿ, ಮನೆಯವರ ಹೆಸರು ತೆಗೆದು ನಂಬರ್ ಹಾಕಿ. ಅಚ್ಚಿಗೆ ಕೊಡೋ ಮುಂಚೆ ಅದೇ ಊರಿಗೆ ಹೋಗಿ, ಸಂಘದ ಮೀಟಿಂಗ್ ಇರೋ ಸಂಜೆ ನೋಡ್ಕೊಂಡು, ಕನ್ನಡದಲ್ಲಿ ಓದಿ ಹೇಳಿ. ನಾವು ಹಂಗೆ ಓದಿದಾಗ ದಿನಕ್ಕೆ ಏಳು ಕೆಜಿ ಅನ್ನೋ ಸಾಲು ಬಂದ ತಕ್ಷಣ ಹಿಂದಿನ ಸಾಲಲ್ಲಿ ಕೂತಿದ್ದ ಒಬ್ಬರು ತಡೆದು, ನೀವು ಬಂದಿದ್ದು ಒಕ್ಕಣೆ ಟೈಮಲ್ಲಿ, ಆಗ ಆಳುಗಳಿಗೂ ಅಡುಗೆ ಮಾಡ್ತಿದ್ವಿ, ಅದು ದಿನದ ಲೆಕ್ಕ ಅಲ್ಲ ಅಂದ್ರು. ಆ ಮನೆಗೆ ಮತ್ತೆ ತಕ್ಕಡಿ ತಗೊಂಡು ಹೋದ್ವಿ.